ಜಗಳವಾಡಲಾದರೂ ಉಳಿಸಬೇಕಿತ್ತು

ಡಿ. ಡಬ್ಲ್ಯು. ಗ್ರಿಫಿತ್ 1915ರಲ್ಲಿ ತೆಗೆದ 'ದಿ ಬರ್ತ್ ಆಫ್ ಎ ನೇಷನ್' ನೋಡಿದರೆ ಇವತ್ತಿಗೂ ಹೊಟ್ಟೆ ತೊಳಸುತ್ತದೆ. ಬಿಳಿಯ ನಟರ ಮುಖಕ್ಕೆ ಮಸಿ ಬಳಿದು ಕಪ್ಪು ಜನರನ್ನು ಮೃಗಗಳೆಂದು ತೋರಿಸುತ್ತದೆ. ಅವರನ್ನು ಅಟ್ಟಾಡಿಸಿ ಕೊಲ್ಲುವ ಕು ಕ್ಲಕ್ಸ್ ಕ್ಲಾನ್ ಗುಂಪನ್ನು ರಕ್ಷಕರೆಂದು ಕುದುರೆಯ ಮೇಲೆ ಕೂರಿಸುತ್ತದೆ. ಕಾಣದಂತಾಗಿದ್ದ ಆ ಗುಂಪು ಅದೇ ವರ್ಷ ಮತ್ತೆ ತಲೆಯೆತ್ತಿತು. ಕಪ್ಪು ಜನರ ಸಂಘಟನೆಗಳು ಚಿತ್ರದ ವಿರುದ್ಧ ಊರೂರಲ್ಲಿ ಬೀದಿಗಿಳಿದು ಪ್ರತಿಭಟಿಸಿದವು. ಆ ಜಗಳ ನೂರು ವರ್ಷ ದಾಟಿಯೂ ನಿಂತಿಲ್ಲ. ನಿಲ್ಲದಿರುವುದಕ್ಕೆ ಕಾರಣ ಸರಳ. ಚಿತ್ರ ಇದೆ. ಎದುರಿಗಿಟ್ಟುಕೊಂಡು, ದೃಶ್ಯದಿಂದ ದೃಶ್ಯಕ್ಕೆ ಬೆರಳು ತೋರಿಸಿ, ಇಲ್ಲಿ ಸುಳ್ಳು ಹೇಳಿದ್ದೀಯ, ಇಲ್ಲಿ ವಿಷ ಕಕ್ಕಿದ್ದೀಯ ಎಂದು ಕೇಳಬಹುದು.

ಕನ್ನಡಿಗರಾದ ನಮಗೆ ನಮ್ಮ ಮೊದಲ ಚಿತ್ರಗಳನ್ನು ಹೀಗೆ ಕೇಳುವ ಹಕ್ಕಿಲ್ಲ. ಅದನ್ನು ಕಿತ್ತುಕೊಂಡವರು ಹೊರಗಿನ ಶತ್ರುಗಳಲ್ಲ.

ಬನಶಂಕರಿ ಎರಡನೇ ಹಂತದ ಸುಚಿತ್ರಾ ಫಿಲ್ಮ್ ಸೊಸೈಟಿ ಹುಟ್ಟಿದ್ದು 1971ರಲ್ಲಿ. ಚಾಪ್ಲಿನ್, ಬಸ್ಟರ್ ಕೀಟನ್, ಐಸೆನ್‌ಸ್ಟೈನ್ ಹೆಸರುಗಳು ಜಯನಗರ, ಬನಶಂಕರಿ ಕಡೆಯ ನನ್ನಂಥವರ ಮಾತಿನೊಳಗೆ ಬಂದದ್ದು ಇಂಥ ಸೊಸೈಟಿಗಳಿಂದ. ಅಲ್ಲಿ ಕಲಿತದ್ದು ಹಳೆಯ ಚಿತ್ರಕ್ಕೆ ಕೈಮುಗಿಯುವುದನ್ನಲ್ಲ. ಕೀಟನ್‌ನ 'ದಿ ಜನರಲ್' (1926) ನೋಡಿ ನಕ್ಕು ಹೊರಬಂದ ಮೇಲೆ ಹೊಸ ಕಾಲದ ಒಬ್ಬ ಹುಡುಗಿ ಕೇಳುತ್ತಾಳೆ: ನಾವು ಇಷ್ಟು ಹೊತ್ತು ಗೆಲ್ಲಲಿ ಎಂದು ಬಯಸಿದ ಈ ರೈಲು ಡ್ರೈವರ್ ಯಾರ ಪರವಾಗಿ ಓಡುತ್ತಿದ್ದ? ಗುಲಾಮಗಿರಿ ಉಳಿಸಿಕೊಳ್ಳಲು ಹೊರಟ ದಕ್ಷಿಣದವರ ಪರವಾಗಿ ಅಲ್ಲವೇ? ಒಳಗೆ ನಕ್ಕವರು ಹೊರಗೆ ಸುಮ್ಮನಾಗುತ್ತಾರೆ. ಕೀಟನ್ ಎಂಥ ಪ್ರತಿಭಾವಂತ ಎಂಬುದೂ ಸುಳ್ಳಾಗುವುದಿಲ್ಲ, ಅವನು ಯಾರ ಪಕ್ಷದಲ್ಲಿ ನಿಂತ ಎಂಬುದೂ ಮರೆಯಾಗುವುದಿಲ್ಲ. ಎರಡನ್ನೂ ಒಟ್ಟಿಗೆ ಹೊರಬೇಕು. ಹಿರಿಯರ ಕೆಲಸವನ್ನು ಮಕ್ಕಳು ನೋಡಬೇಕಾದ ರೀತಿ ಇದೇ.

ಅದೇ ಹುಡುಗಿ 'ಸತಿ ಸುಲೋಚನ'ದ ಬಗ್ಗೆ ಕೇಳಲಿ. ನಾವು ಏನು ತೋರಿಸುತ್ತೇವೆ?

1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡ ಚಿತ್ರ ಅದು. ಚಮನ್‌ಲಾಲ್ ಡುಂಗಾಜಿ ಹಣ ಹಾಕಿದರು. ಮುಂದೆ ತಾರೆಯಾದ ಲಕ್ಷ್ಮಿಯವರ ತಂದೆ ವೈ. ವಿ. ರಾವ್ ನಿರ್ದೇಶಿಸಿದರು. ಕೊಲ್ಲಾಪುರದ ಛತ್ರಪತಿ ಸಿನಿಟೋನ್‌ನಲ್ಲಿ ಚಿತ್ರೀಕರಣ ನಡೆಯಿತು. ಬೆಳ್ಳಾವೆ ನರಹರಿ ಶಾಸ್ತ್ರಿಗಳು ಮಾತು, ಹಾಡು ಬರೆದರು. ಸುಬ್ಬಯ್ಯ ನಾಯ್ಡು ಇಂದ್ರಜಿತು, ಆರ್. ನಾಗೇಂದ್ರರಾಯರು ರಾವಣ, ತ್ರಿಪುರಾಂಬ ಸುಲೋಚನೆ. ತೆರೆಯ ಮೇಲೆ ಮೊದಲ ಬಾರಿಗೆ ಕನ್ನಡ ಕೇಳಿಸಿದ್ದು ಅವತ್ತು. ಇಷ್ಟೆಲ್ಲ ಗೊತ್ತಿದೆ. ಆ ಚಿತ್ರದ ಒಂದು ಪ್ರತಿಯೂ ಇದುವರೆಗೆ ಸಿಕ್ಕಿಲ್ಲ. ಪ್ಯಾರಾಮೌಂಟ್ ಮುಂದೆ 'ಪರಿಮಳ' ಆಯಿತು, ಆಮೇಲೆ ಅದೂ ಹೋಯಿತು.

ನನಗೆ ಆ ಚಿತ್ರವನ್ನು ಪೂಜಿಸಬೇಕಾಗಿಲ್ಲ. ಅದರ ಜೊತೆ ವಾದ ಮಾಡಬೇಕಾಗಿದೆ. ಗಂಡನ ಕಡಿದ ತಲೆಯನ್ನು ಕೇಳಲು ಶತ್ರುವಿನ ಪಾಳೆಯಕ್ಕೆ ಒಬ್ಬಳೇ ನಡೆದು ಹೋಗುವ ಹೆಣ್ಣು ಸುಲೋಚನೆ. ಕೊನೆಗೆ ಅವನ ಚಿತೆಯನ್ನೇ ಏರುವವಳು. ರಾಮನ ಎದುರು ನಿಂತಾಗ ತ್ರಿಪುರಾಂಬ ಅವರ ದನಿ ಹೇಗಿತ್ತು? ಅಂಗಲಾಚಿತೇ, ಆಪಾದಿಸಿತೇ? ಸಹಗಮನದ ದೃಶ್ಯವನ್ನು ಕ್ಯಾಮೆರಾ ಭಕ್ತಿಯಿಂದ ನೋಡಿತೇ, ಅಳುಕಿನಿಂದ ನೋಡಿತೇ? ನಾಗೇಂದ್ರರಾಯರ ರಾವಣ ಮಗ ಸತ್ತ ತಂದೆಯಾಗಿದ್ದನೇ, ಬರೀ ರಾಕ್ಷಸನಾಗಿದ್ದನೇ? ಹೆಣ್ಣಿನ ಬಗ್ಗೆ, ಸೋತವರ ಬಗ್ಗೆ ಕನ್ನಡ ಸಿನಿಮಾ ಆಡಿದ ಮೊಟ್ಟಮೊದಲ ಮಾತು ಈ ಪ್ರಶ್ನೆಗಳ ಉತ್ತರದಲ್ಲಿತ್ತು. ಪ್ರಶ್ನೆ ನಮ್ಮ ಹತ್ತಿರ ಇದೆ, ಉತ್ತರ ಕೊಡಬೇಕಾದ ರೀಲು ಇಲ್ಲ. ಪಠ್ಯದಲ್ಲಿ, ಭಾಷಣದಲ್ಲಿ, ಕ್ವಿಜ್‌ನಲ್ಲಿ ಇಸವಿ ಒಂದು ಉಳಿದಿದೆ. 'ಮೊದಲ ಕನ್ನಡ ವಾಕ್ಚಿತ್ರ ಯಾವುದು?' ಸರಿಯುತ್ತರ ಹೇಳಿದ ಮಗುವಿಗೆ ಬಹುಮಾನ. ಆ ಚಿತ್ರವನ್ನು ನೋಡಿದವರು ಮಾತ್ರ ಯಾರೂ ಇಲ್ಲ.

ಅಮೆರಿಕದವರು ಬಲು ಜೋಪಾನ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಅವರೂ ಕೊಂದಿದ್ದಾರೆ. 1937ರ ಜುಲೈನಲ್ಲಿ ನ್ಯೂಜೆರ್ಸಿಯ ಲಿಟಲ್ ಫೆರಿಯಲ್ಲಿ ಫಾಕ್ಸ್ ಕಂಪನಿಯ ಉಗ್ರಾಣಕ್ಕೆ ಬೆಂಕಿ ಬಿದ್ದು ಅದರ ಮೂಕಿಚಿತ್ರಗಳ ನೆಗೆಟಿವ್‌ಗಳು ಬೂದಿಯಾದವು. 1948ರಲ್ಲಿ ಯೂನಿವರ್ಸಲ್ ತನ್ನಲ್ಲಿ ಉಳಿದಿದ್ದ ಮೂಕಿಚಿತ್ರಗಳ ನೆಗೆಟಿವ್‌ಗಳನ್ನು ಬೆಳ್ಳಿಗಾಗಿ ತಾನೇ ಹಾಳುಮಾಡಿತು. ಆದರೆ ಅವರು ಲೆಕ್ಕಕ್ಕೆ ಕೂತರು. 1912ರಿಂದ 1929ರವರೆಗೆ ಅಮೆರಿಕದಲ್ಲಿ ಬಿಡುಗಡೆಯಾದ ಸುಮಾರು 11,000 ಮೂಕಿಚಿತ್ರಗಳಲ್ಲಿ ಮೂಲ ರೂಪದಲ್ಲಿ ಪೂರ್ತಿ ಉಳಿದಿರುವುದು ಶೇ. 14 ಎಂದು ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ವರದಿ ಪ್ರಕಟಿಸಿ ನಾಚಿಕೆಪಟ್ಟಿತು. ಅದಕ್ಕೆ ಮೊದಲೂ ಹುಡುಕಿದರು, ಈಗಲೂ ಹುಡುಕುತ್ತಲೇ ಇದ್ದಾರೆ.

ಹುಡುಕಿದ್ದರಿಂದ ಏನಾಗುತ್ತದೆ ನೋಡಿ. ಆಸ್ಕರ್ ಮಿಶೋ ಎಂಬ ಕಪ್ಪು ನಿರ್ದೇಶಕ 1920ರಲ್ಲಿ 'ವಿದಿನ್ ಅವರ್ ಗೇಟ್ಸ್' ತೆಗೆದ. ಗ್ರಿಫಿತ್ ಮುಚ್ಚಿಟ್ಟದ್ದನ್ನು ಅವನು ಬಿಚ್ಚಿಟ್ಟ: ಬಿಳಿಯರ ಗುಂಪು ಕಪ್ಪು ಕುಟುಂಬವನ್ನು ನೇಣಿಗೇರಿಸುವ ದೃಶ್ಯ. ದಶಕಗಳ ಕಾಲ ಆ ಚಿತ್ರ ಸಿಗಲಿಲ್ಲ. ಗ್ರಿಫಿತ್‌ನ ಸುಳ್ಳು ಮಾತ್ರ ಎಲ್ಲೆಲ್ಲೂ ಓಡಿತು. ಕೊನೆಗೆ ಒಂದೇ ಒಂದು ಪ್ರತಿ, ಸ್ಪ್ಯಾನಿಷ್ ಬರಹಗಳೊಂದಿಗೆ, ಸ್ಪೇನ್‌ನಲ್ಲಿ ಪತ್ತೆಯಾಯಿತು. 1993ರಲ್ಲಿ ಅದನ್ನು ದುರಸ್ತಿ ಮಾಡಿದರು. ಈಗ ಎರಡೂ ಚಿತ್ರ ಒಂದರ ಎದುರು ಒಂದು ನಿಂತಿವೆ. ಇನ್ನೊಂದು, 1933ರ 'ಬೇಬಿ ಫೇಸ್'. ತಂದೆಯೇ ದುಡಿತಕ್ಕೆ ತಳ್ಳಿದ ಹುಡುಗಿಯೊಬ್ಬಳು ಗಂಡಸರನ್ನು ಮೆಟ್ಟಿಲು ಮಾಡಿಕೊಂಡು ಬ್ಯಾಂಕಿನ ಮಹಡಿ ಹತ್ತುತ್ತಾಳೆ. ಸೆನ್ಸಾರ್‌ನವರು ಅದನ್ನು ಕತ್ತರಿಸಿ, ಮಾತು ಬದಲಿಸಿ, ನೀತಿಪಾಠ ಅಂಟಿಸಿದರು. ಎಪ್ಪತ್ತು ವರ್ಷ ಲೋಕ ನೋಡಿದ್ದು ಆ ಅಂಗಹೀನ ಚಿತ್ರವನ್ನು. ಕತ್ತರಿ ಬೀಳದ ಪ್ರತಿ 2004ರಲ್ಲಿ ಸಿಕ್ಕಿತು. ಹಾಲಿವುಡ್‌ನ ಕಟ್ಟುನಿಟ್ಟಿನ ನೀತಿಸಂಹಿತೆ ಜಾರಿಗೆ ಬಂದದ್ದು 1934ರಲ್ಲಿ, ನಮ್ಮ ಸುಲೋಚನೆ ಚಿತೆ ಏರಿದ ವರ್ಷವೇ. ಅಲ್ಲಿ ಹೆಣ್ಣಿನ ಬಾಯಿಗೆ ಬೀಗ ಹಾಕುತ್ತಿದ್ದಾಗ ಇಲ್ಲಿ ಏನು ನಡೆಯುತ್ತಿತ್ತು ಎಂದು ಪಕ್ಕಪಕ್ಕದಲ್ಲಿಟ್ಟು ನೋಡಬಹುದಿತ್ತು. ಒಂದು ಪಕ್ಕ ಖಾಲಿ.

ಖಾಲಿ ಎಷ್ಟು ದೊಡ್ಡದು ಎಂದು ಹೇಳಿದರೆ ರಕ್ತ ಕುದಿಯುತ್ತದೆ. ಶೂದ್ರಕನ 'ಮೃಚ್ಛಕಟಿಕ'ವನ್ನು 1930ರ ಆಸುಪಾಸಿನಲ್ಲಿ ಮೋಹನ್ ಭವನಾನಿ ಮೂಕಿಚಿತ್ರವಾಗಿ ತೆಗೆದರು. ಅದರಲ್ಲಿ ನಮ್ಮ ನಾಟಕಕಾರ ಟಿ. ಪಿ. ಕೈಲಾಸಂ ನಟಿಸಿದ್ದರು. ಕಮಲಾದೇವಿ ಚಟ್ಟೋಪಾಧ್ಯಾಯ ನಟಿಸಿದ್ದರು. ಮಂಗಳೂರಿನಲ್ಲಿ ಹುಟ್ಟಿ, ಎಳೆಯ ವಯಸ್ಸಿಗೇ ವಿಧವೆಯಾಗಿ, ಮರುಮದುವೆಯಾಗಿ, ಉಪ್ಪಿನ ಸತ್ಯಾಗ್ರಹದಲ್ಲಿ ಮುಂದೆ ನಿಂತ ಹೆಣ್ಣು. ಮರ್ಯಾದಸ್ಥ ಮನೆಯ ಹೆಣ್ಣು ಕ್ಯಾಮೆರಾ ಮುಂದೆ ಬರಬಾರದೆಂದು ಊರೇ ಹೇಳುತ್ತಿದ್ದಾಗ ಆಕೆ ಬಂದರು. ಕೈಲಾಸಂ ನಡೆ, ನಿಲುವು, ಮುಖ ತಿರುಗಿಸುವ ರೀತಿ ನೋಡಲು ನಾಟಕಪ್ರಿಯ ಬೆಂಗಳೂರು ಏನನ್ನಾದರೂ ಕೊಟ್ಟೀತು. ಶಿವರಾಮ ಕಾರಂತರು 'ಡೊಮಿಂಗೊ' (1930), 'ಭೂತರಾಜ್ಯ' (1931) ಎಂಬ ಮೂಕಿಚಿತ್ರಗಳನ್ನು ಮಾಡಿದರು. ಜ್ಞಾನಪೀಠ ಪಡೆದ ಲೇಖಕ ಇಪ್ಪತ್ತೆಂಟರ ಹರೆಯದಲ್ಲಿ ಕ್ಯಾಮೆರಾ ಹಿಂದೆ ನಿಂತು ಲೋಕವನ್ನು ಹೇಗೆ ಕಂಡರು? ಅವರ ಕಾದಂಬರಿಗಳ ಮೇಲೆ ಪಿಎಚ್‌ಡಿಗಳು ಬರುತ್ತಲೇ ಇವೆ. ಈ ಎರಡರ ಮೇಲೆ ಯಾರು ಏನು ಬರೆಯಬಲ್ಲರು? ಗುಬ್ಬಿ ವೀರಣ್ಣನವರು ಮೂಕಿಯುಗದಲ್ಲೇ ಕೈಯಿಂದ ದುಡ್ಡು ಹಾಕಿದರು. ಹರಿಭಾಯಿ ದೇಸಾಯಿ ಅವರ ಸೂರ್ಯ ಫಿಲ್ಮ್ ಕಂಪನಿ ಇದೇ ಬೆಂಗಳೂರಿನಲ್ಲಿ ಹತ್ತಾರು ಮೂಕಿಚಿತ್ರ ತಯಾರಿಸಿತು. ಅವತ್ತಿನ ಬೆಂಗಳೂರಿನ ಬೆಳಕು, ಬಂಡೆ, ಕೆರೆ, ಬೀದಿ ಎಲ್ಲ ಅವುಗಳೊಳಗೆ ಇದ್ದಿರಲೇಬೇಕು.

ಇವನ್ನು ಹಾಳುಮಾಡಿದ್ದು ಹೇಗೆ? ಆ ಕಾಲದ ರೀಲು ನೈಟ್ರೇಟ್‌ನದು. ಬೇಗ ಹೊತ್ತಿಕೊಳ್ಳುತ್ತದೆ, ಬೆಚ್ಚಗಿಟ್ಟರೆ ಅಂಟಂಟಾಗಿ ಕೊಳೆಯುತ್ತದೆ. ಕಪ್ಪು ಬಿಳುಪಿನ ಚಿತ್ರದಲ್ಲಿ ನಾವು ನೋಡುವ ಕಪ್ಪೆಲ್ಲ ಬೆಳ್ಳಿಯ ಕಣಗಳು. ಓಟ ಮುಗಿದ ರೀಲುಗಳನ್ನು ತೂಕಕ್ಕೆ ಕೊಂಡು, ತೊಳೆದು, ಬೆಳ್ಳಿ ತೆಗೆಯುವವರಿದ್ದರು. ಉಳಿದ ಪಟ್ಟಿಯಿಂದ ಬಳೆ ಮಾಡಿದರು. ತ್ರಿಪುರಾಂಬ ಅವರ ಮುಖ ಇವತ್ತು ಯಾರ ಮನೆಯ ಬೆಳ್ಳಿ ಲೋಟದಲ್ಲಿದೆಯೋ! ಬಡ ಹಂಚಿಕೆದಾರನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಸಾಲ ಇತ್ತು, ಗೋದಾಮಿನ ಬಾಡಿಗೆ ಇತ್ತು. ಸಿಟ್ಟು ಇರುವುದು, ನೋಡಿಕೊಳ್ಳಬೇಕಾಗಿದ್ದೂ ನೋಡದೆ ಕೂತ ನಮ್ಮ ವಿದ್ಯಾವಂತ ಸಮಾಜದ ಮೇಲೆ, ಸಂಸ್ಕೃತಿಯ ಹೆಸರಲ್ಲಿ ಸಂಬಳ ಎಣಿಸಿದವರ ಮೇಲೆ.

'ಆಗ ಯಾರಿಗೂ ಗೊತ್ತಿರಲಿಲ್ಲ' ಎಂಬ ಸಬೂಬು ಬೇಡ. ಪುಣೆಯಲ್ಲಿ ರಾಷ್ಟ್ರೀಯ ಫಿಲ್ಮ್ ಆರ್ಕೈವ್ ಶುರುವಾದದ್ದು 1964ರಲ್ಲಿ. 'ಸತಿ ಸುಲೋಚನ'ಕ್ಕೆ ಅವತ್ತು ಬರೀ ಮೂವತ್ತು ವರ್ಷ. ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ಹೆಸರುವಾಸಿಗಳಾಗಿದ್ದ ಕಾಲದಿಂದ ಅದು ದೂರವೇನಲ್ಲ. ಪಿ. ಕೆ. ನಾಯರ್ ಎಂಬ ಒಬ್ಬ ಮನುಷ್ಯ ಆ ಆರ್ಕೈವ್‌ಗಾಗಿ ದೇಶ ತಿರುಗಿ, ನಾಸಿಕ್‌ನಲ್ಲಿ ಫಾಲ್ಕೆಯವರ ಮನೆಯವರನ್ನು ಹುಡುಕಿ ರೀಲುಗಳನ್ನು ಹೊತ್ತು ತಂದರು. ಕರ್ನಾಟಕದಲ್ಲಿ ಅಂಥ ಒಬ್ಬನನ್ನು ಸಂಬಳ ಕೊಟ್ಟು ನೇಮಿಸಲು ನಮ್ಮ ಸರ್ಕಾರಗಳಿಗೆ ಏನು ಅಡ್ಡಿ ಇತ್ತು? ಆ ಆರ್ಕೈವ್‌ನ ಗತಿಯೂ ನೋಡಿ: 2003ರ ಜನವರಿ 8ರಂದು ಪುಣೆಯ ನೈಟ್ರೇಟ್ ಉಗ್ರಾಣಕ್ಕೆ ಬೆಂಕಿ ಬಿದ್ದು 607 ಚಿತ್ರಗಳ 5,097 ರೀಲು ಉರಿದುಹೋದವು. ಉಳಿಸಲೆಂದು ಇಟ್ಟ ಜಾಗದಲ್ಲೇ ಸುಟ್ಟದ್ದು!

ಇದೇ ಅಸಡ್ಡೆ ನನ್ನ ಮನೆಯ ಸುತ್ತಲೂ ಕಾಣುತ್ತದೆ. ತಿಲಕನಗರದ ಸ್ವಾಗತ್ ಚಿತ್ರಮಂದಿರ ಮಾಲ್ ಆಯಿತು. ನಂದಾ ಟಾಕೀಸು ಜನರ ಬಾಯಲ್ಲಿ ವಿಳಾಸವಾಗಿ ಮಾತ್ರ ಉಳಿಯಿತು. ಖಾಸಗಿಯವರ ಕಟ್ಟಡ, ಅವರಿಷ್ಟ ಎನ್ನಬಹುದು. ಜಯನಗರ ನಾಲ್ಕನೇ ಬ್ಲಾಕಿನ ಶಾಪಿಂಗ್ ಕಾಂಪ್ಲೆಕ್ಸ್‌ನಲ್ಲಿ ಪುಟ್ಟಣ್ಣ ಕಣಗಾಲ್ ಹೆಸರಿನ ಚಿತ್ರಮಂದಿರ ಇತ್ತಲ್ಲ? ಸಾರ್ವಜನಿಕರ ಜಾಗ, ಕನ್ನಡದ ಬಹುದೊಡ್ಡ ನಿರ್ದೇಶಕನ ಹೆಸರು. ಅದನ್ನೂ ಕೆಡವಿದರು. ಕನ್ನಡದ ಹಳೆಯ ಚಿತ್ರಗಳನ್ನು ವರ್ಷವಿಡೀ ತೋರಿಸಬಹುದಾಗಿದ್ದ ಒಂದು ಪರದೆ ಅದು. ಬಟ್ಟೆ ಅಂಗಡಿಗಳಿಗೂ ಪಾರ್ಕಿಂಗಿಗೂ ಜಾಗ ಹುಡುಕುವ ಊರಿಗೆ ಅದಕ್ಕೊಂದು ಮೂಲೆ ಸಿಗಲಿಲ್ಲ.

ಪುಟ್ಟಣ್ಣನವರ ಚಿತ್ರಗಳು ಇವತ್ತು ನೋಡಲು ಸಿಗುತ್ತವೆ, ಅದರ ಲಾಭ ನೋಡಿ. 'ಶರಪಂಜರ'ದ ಕಾವೇರಿಯನ್ನು ಹುಚ್ಚಿಗೆ ದೂಡಿದ್ದು ಕಾಯಿಲೆಯೋ ಗಂಡನ ಮನೆಯೋ ಎಂದು ಈಗಿನ ಹೆಣ್ಣುಮಕ್ಕಳು ಗಟ್ಟಿಯಾಗಿ ಕೇಳುತ್ತಾರೆ. 'ನಾಗರಹಾವು' (1972) ನೋಡಿ, ಚಾಮಯ್ಯ ಮೇಷ್ಟ್ರು ಮಾಡಿದ್ದು ಅನ್ಯಾಯ, ಅಲಮೇಲುವನ್ನು ಯಾರೂ ಒಂದು ಮಾತು ಕೇಳಲಿಲ್ಲ ಎನ್ನುತ್ತಾರೆ. ಕಾದಂಬರಿ ಬರೆದ ತರಾಸು ಅವರಿಗೇ ಆ ಚಿತ್ರ ಒಪ್ಪಿಗೆಯಾಗಿರಲಿಲ್ಲ. ಅರ್ಧ ಶತಮಾನದ ಈ ವಾದ ನಮ್ಮನ್ನು ಬೆಳೆಸಿದೆ. 1934ರಿಂದಲೂ ಹೀಗೆ ವಾದ ಮಾಡುತ್ತ ಬಂದಿದ್ದರೆ ನಮ್ಮ ಸಿನಿಮಾ ಹೆಣ್ಣನ್ನು ತೋರಿಸುವ ರೀತಿ ಇವತ್ತು ಬೇರೆಯಾಗಿರುತ್ತಿತ್ತು ಎಂದೇ ನಾನು ನಂಬಿದ್ದೇನೆ.

ಆ 'ನಾಗರಹಾವು' ಚಿತ್ರದಿಂದ ನಾಯಕನಾದ ವಿಷ್ಣುವರ್ಧನ್ ಅವರ ಸಮಾಧಿಯನ್ನು 2025ರ ಆಗಸ್ಟ್‌ನಲ್ಲಿ ಅಭಿಮಾನ್ ಸ್ಟುಡಿಯೋದಲ್ಲಿ ಕೆಡವಿದಾಗ ಅಭಿಮಾನಿಗಳು ಕೆರಳಿದರು. ಕೆರಳಬೇಕಾದದ್ದೇ. ಆ ಸಿಟ್ಟಿನಲ್ಲಿ ಒಂದು ಪಾಲನ್ನು ರೀಲಿನ ಡಬ್ಬಗಳಿಗಾಗಿ ಕೇಳುತ್ತಿದ್ದೇನೆ. ನಟನ ದೇಹ ಮಣ್ಣಾಗುವುದು ಪ್ರಕೃತಿ. ನಟನೆ ಮಣ್ಣಾಗುವುದು ನಮ್ಮ ತಪ್ಪು.

ತಪ್ಪು ನಿಂತಿಲ್ಲ. ನೈಟ್ರೇಟ್ ಹೋದ ಮೇಲೆ ಬಂದ ಅಸಿಟೇಟ್ ರೀಲು ಸೆಕೆಯ ಕೋಣೆಯಲ್ಲಿ ವಿನಿಗರ್ ವಾಸನೆ ಬಿಡುತ್ತ ಮುದುಡುತ್ತದೆ. ಈಸ್ಟ್‌ಮನ್‌ಕಲರ್ ಪ್ರತಿಗಳ ಬಣ್ಣ ಕೆಂಪಿಗೆ ತಿರುಗುತ್ತದೆ. ಎಷ್ಟೋ ಕನ್ನಡ ಚಿತ್ರಗಳ ನೆಗೆಟಿವ್ ಮದರಾಸಿನ ಲ್ಯಾಬ್‌ಗಳಲ್ಲಿ ತೊಳೆದು ಅಲ್ಲೇ ಇಟ್ಟದ್ದು. ನಿರ್ಮಾಪಕರು ತೀರಿಕೊಂಡರು, ಡಿಜಿಟಲ್ ಬಂದು ಲ್ಯಾಬ್‌ಗಳು ಬಾಗಿಲು ಹಾಕಿದವು, ಡಬ್ಬಗಳಿಗೆ ವಾರಸುದಾರರಿಲ್ಲ. ಡಿಜಿಟಲ್ ಚಿತ್ರಗಳಾದರೂ ಭದ್ರವೇ? ಆಫೀಸಿನ ಡ್ರಾಯರ್‌ನಲ್ಲಿಟ್ಟ ಹಾರ್ಡ್ ಡಿಸ್ಕ್ ಒಂದು ದಿನ ತೆರೆದುಕೊಳ್ಳುವುದಿಲ್ಲ, ಅಷ್ಟೆ. ಯಾವ ಬೆಂಕಿಯೂ ಬೇಕಾಗಿಲ್ಲ.

ಪುಸ್ತಕ ಅಚ್ಚು ಹಾಕಿದವನು ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ ಪ್ರತಿ ಕಳಿಸಲೇಬೇಕೆಂದು 1954ರಿಂದ ಕಾನೂನಿದೆ. ಚಿತ್ರದ ಮೂಲ ನೆಗೆಟಿವನ್ನು ಆರ್ಕೈವ್‌ಗೆ ಒಪ್ಪಿಸಲೇಬೇಕೆಂಬ ಕಾನೂನು ಇಲ್ಲ. ಕರ್ನಾಟಕ ಸರ್ಕಾರ ಕನ್ನಡ ಚಿತ್ರಗಳಿಗೆ ಜನರ ತೆರಿಗೆಯಿಂದ ಸಹಾಯಧನ ಕೊಡುತ್ತದೆ. ಹಣ ಪಡೆದ ಪ್ರತಿ ಚಿತ್ರದ ಮೂಲಪ್ರತಿ ಸರ್ಕಾರದ ಆರ್ಕೈವ್‌ಗೆ ಬರಲೇಬೇಕೆಂದು ಒಂದು ಆದೇಶ ಹೊರಡಿಸಲು ದಿಲ್ಲಿಯ ಅಪ್ಪಣೆ ಬೇಕಾಗಿಲ್ಲ. ಚಲನಚಿತ್ರ ಅಕಾಡೆಮಿ 2009ರಿಂದ ಇದೆ. ಯಾವ ಕನ್ನಡ ಚಿತ್ರ ಎಲ್ಲಿ, ಯಾವ ಸ್ಥಿತಿಯಲ್ಲಿ ಉಳಿದಿದೆ, ಯಾವುದು ಹೋಗಿದೆ ಎಂಬ ಪಟ್ಟಿ ಅದರ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರಲಿ. ಚೆನ್ನೈಗೆ, ಕೊಲ್ಲಾಪುರಕ್ಕೆ, ಪುಣೆಗೆ ಜನರನ್ನು ಕಳಿಸಿ. ಹಳೆಯ ಹಂಚಿಕೆದಾರರ ಮಕ್ಕಳು ಮೊಮ್ಮಕ್ಕಳ ಮನೆಬಾಗಿಲು ತಟ್ಟಿ. ಮಿಶೋನ ಚಿತ್ರ ಸ್ಪೇನ್‌ನಲ್ಲಿ ಸಿಕ್ಕಿತು. ನಮ್ಮದು ಎಲ್ಲಿದೆ ಎಂದು ಹುಡುಕದೆ ಸತ್ತಿದೆ ಎಂದು ಹೇಳಲು ಯಾರಿಗೂ ಅಧಿಕಾರವಿಲ್ಲ.

2034ಕ್ಕೆ ಕನ್ನಡ ವಾಕ್ಚಿತ್ರಕ್ಕೆ ನೂರು ವರ್ಷ. ವೇದಿಕೆ, ಶಾಲು, ಹಾರ, ಪಟಾಕಿಗೆ ಹಣ ಆಗ ತಾನಾಗಿ ಬರುತ್ತದೆ. ತಣ್ಣನೆಯ, ತೇವವಿಲ್ಲದ, ಬೆಂಕಿ ತಾಗದ ಒಂದು ಉಗ್ರಾಣಕ್ಕೂ ಅದನ್ನು ನೋಡಿಕೊಳ್ಳುವ ತರಬೇತಾದ ಸಿಬ್ಬಂದಿಗೂ ಬೇಕಾದ ಹಣವನ್ನು ಆ ಖರ್ಚಿನಿಂದಲೇ ಮೊದಲು ತೆಗೆದಿಡಿ, ಈ ವರ್ಷದ ಬಜೆಟ್‌ನಲ್ಲೇ.