ಜೂಜಿನ ಬೊಕ್ಕಸಕ್ಕೆ ಹಣ ಬರುವುದೆಲ್ಲಿಂದ?

ಸರ್ಕಾರಗಳಿಗೆ ಹಣ ಸಾಲದೆ ಬಂದಾಗ ಕಣ್ಣಿಗೆ ಬೀಳುವ ದಾರಿಗಳಲ್ಲಿ ಜೂಜೂ ಒಂದು. ಹೊಸ ತೆರಿಗೆ ಹಾಕಿದರೆ ಜನ ಗೊಣಗುವರು; ಜೂಜುಕಟ್ಟೆಗೆ ಪರವಾನಗಿ ಕೊಟ್ಟರೆ ತಾವಾಗಿಯೇ ಬಂದು ಹಣ ಸುರಿದು ಹೋಗುವರು. ಇದು ಹೊಸ ಉಪಾಯವೇನೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿಯುಂಟು. ಗೆದ್ದ ಹಣದಲ್ಲಿ ನೂರಕ್ಕೆ ಐದು ಪಾಲನ್ನು ಅವನು ವಸೂಲು ಮಾಡಬೇಕೆಂದು ಅಲ್ಲಿ ವಿಧಿಸಿದೆ. ಈಚಿನ ಕಾಲದಲ್ಲಿ ಅಮೆರಿಕದ ನೆವಾಡಾ ರಾಜ್ಯ 1931ರಲ್ಲಿಯೂ, ನ್ಯೂಜೆರ್ಸಿ ರಾಜ್ಯ 1976ರಲ್ಲಿಯೂ ಈ ದಾರಿಯನ್ನು ಹಿಡಿದುವು. ನಮ್ಮ ನೆರೆಯ ಗೋವದಲ್ಲಿ 1992ರ ತಿದ್ದುಪಡಿಯಿಂದ ಐಷಾರಾಮಿ ಹೋಟೆಲುಗಳೊಳಕ್ಕೂ, 1996ರ ತಿದ್ದುಪಡಿಯಿಂದ ಹಡಗುಗಳ ಮೇಲಕ್ಕೂ ಶಾಸನಬದ್ಧ ಜೂಜು ಬಂದಿತು. ಹೀಗೆ ಮಾಡಿದ ರಾಜ್ಯಕ್ಕೆ ಒಳಿತಾಗುವುದೇ? ಧರ್ಮಾಧರ್ಮಗಳ ವಿಚಾರವನ್ನು ಬಲ್ಲವರಿಗೆ ಬಿಟ್ಟು, ನಾವು ಲೆಕ್ಕವನ್ನಷ್ಟೇ ಹಿಡಿದು ಹೊರಡೋಣ.

ಸಂಭಾವ್ಯತೆಯ ಗಣಿತ ಹುಟ್ಟಿದ್ದೇ ಜೂಜಿನ ಮೇಜಿನ ಬಳಿ. 1654ರಲ್ಲಿ ಪ್ಯಾಸ್ಕಲ್ ಮತ್ತು ಫರ್ಮಾ ಎಂಬ ಫ್ರೆಂಚ್ ಗಣಿತಜ್ಞರು ನಡುವೆ ನಿಂತುಹೋದ ಆಟದ ಪಣವನ್ನು ಹಂಚುವುದು ಹೇಗೆಂದು ಪತ್ರಗಳಲ್ಲಿ ಚರ್ಚಿಸಿದರು. ಆ ಗಣಿತವನ್ನು ಇಂದಿನ ರೂಲೆಟ್ ಚಕ್ರಕ್ಕೆ ಅನ್ವಯಿಸಿ ನೋಡಬಹುದು. ಅಮೆರಿಕದ ಚಕ್ರದಲ್ಲಿ 38 ಗುಳಿಗಳು: 18 ಕೆಂಪು, 18 ಕಪ್ಪು, ಸೊನ್ನೆ ಮತ್ತು ಜೋಡಿಸೊನ್ನೆಗಳ ಎರಡು ಹಸಿರು. ಕೆಂಪಿನ ಮೇಲೆ ಒಂದು ರೂಪಾಯಿ ಕಟ್ಟಿದವನು ಗೆದ್ದರೆ ಒಂದು ರೂಪಾಯಿ ಲಾಭ, ಸೋತರೆ ಒಂದು ರೂಪಾಯಿ ನಷ್ಟ. 38 ಸಲದಲ್ಲಿ ಸರಾಸರಿ 18 ಗೆಲವು, 20 ಸೋಲು; ಒಟ್ಟಿನ ಮೇಲೆ ಎರಡು ರೂಪಾಯಿ ಖೋತಾ. ಎಂದರೆ ಕಟ್ಟಿದ ಪ್ರತಿ ನೂರಕ್ಕೆ ಸುಮಾರು 5 ರೂಪಾಯಿ 26 ಪೈಸೆ ಜೂಜುಕಟ್ಟೆಯ ಯಜಮಾನನ ಪಾಲು.

ಇಷ್ಟೇ ತಾನೆ, ಸಿನಿಮಾ ನೋಡಿದರೂ ಖರ್ಚಾಗುವುದಿಲ್ಲವೆ ಎಂದು ನಮ್ಮ ಕಿರಿಯ ವಾಚಕರು ಕೇಳಬಹುದು. ಆದರೆ ಈ ಐದು ರೂಪಾಯಿ ಕಿಸೆಯಲ್ಲಿ ತಂದ ನೂರರ ಮೇಲಿನದಲ್ಲ. ಕಟ್ಟಿದ ಪ್ರತಿಯೊಂದು ನೂರರ ಮೇಲಿನದು. ಗಂಟೆಗೆ ನಲವತ್ತು ಸಲ ನೂರು ರೂಪಾಯಿ ಕಟ್ಟುವವನು ಅದೇ ಹಣವನ್ನು ತಿರುತಿರುಗಿಸಿ ನಾಲ್ಕು ಸಾವಿರ ಕಟ್ಟಿದಂತಾಯಿತು. ಅವನ ಸರಾಸರಿ ನಷ್ಟ ಗಂಟೆಗೆ ಇನ್ನೂರಹತ್ತು ರೂಪಾಯಿ.

ಇನ್ನೊಂದು ಸೂಕ್ಷ್ಮವುಂಟು. ಸರಾಸರಿ ನಷ್ಟ ಆಟಗಳ ಸಂಖ್ಯೆಯೊಡನೆ ನೇರವಾಗಿ ಬೆಳೆಯುವುದು. ಅದೃಷ್ಟದ ಏರಿಳಿತವಾದರೋ ಆ ಸಂಖ್ಯೆಯ ವರ್ಗಮೂಲದಂತೆ ಮಾತ್ರ ಬೆಳೆಯುವುದು. ಒಂದೊಂದು ರೂಪಾಯಿಯಂತೆ ನೂರು ಸಲ ಆಡಿದವನ ಸರಾಸರಿ ನಷ್ಟ ಐದು ರೂಪಾಯಿ, ಏರಿಳಿತ ಹತ್ತು ರೂಪಾಯಿ. ಹಾಗಾಗಿ ಹೀಗೆ ಆಡಿದವರಲ್ಲಿ ಸುಮಾರು ಕಾಲುಭಾಗ ಮಂದಿ ಲಾಭದಿಂದಲೇ ಮನೆಗೆ ಹೋಗುವರು, ಹೋಗಿ ಊರಿಗೆಲ್ಲ ಹೇಳುವರು. ಹತ್ತು ಸಾವಿರ ಸಲ ಆಡಿದವನ ಸರಾಸರಿ ನಷ್ಟ 526 ರೂಪಾಯಿ, ಏರಿಳಿತ ನೂರೇ ರೂಪಾಯಿ. ಲಾಭದಲ್ಲಿ ಉಳಿಯುವವನು ಇಲ್ಲಿ ಕೋಟಿಗೊಬ್ಬನೂ ಸಿಗುವುದು ಕಷ್ಟ. ಅನಿಲದ ಒತ್ತಡವನ್ನು ಬೋಧಿಸುವಾಗ ನಾವು ತರಗತಿಯಲ್ಲಿ ಹೇಳುವ ಮಾತೇ ಇಲ್ಲಿಗೂ ಸಲ್ಲುವುದು: ಒಂದೊಂದು ಅಣುವಿನ ಚಲನೆ ಅನಿಶ್ಚಿತ, ಪಾತ್ರೆಯ ಗೋಡೆಯ ಮೇಲಿನ ಒತ್ತಡ ನಿಶ್ಚಿತ. ಜೂಜಾಡುವವರು ಅಣುಗಳು, ಯಜಮಾನ ಗೋಡೆ. ಅವನು ಜೂಜಾಡುವುದೇ ಇಲ್ಲ.

ರಾಜ್ಯದ ಬೊಕ್ಕಸಕ್ಕೆ ಬರುವುದು ಈ ನಷ್ಟದ ಮೊತ್ತದಲ್ಲಿ ಒಂದು ಅಂಶ. ಚಕ್ರ ತಿರುಗಿದ್ದರಿಂದ ಒಂದು ಸೇರು ಅಕ್ಕಿಯೂ ಹೆಚ್ಚು ಬೆಳೆಯಲಿಲ್ಲ. ಹಣ ಒಂದು ಜೇಬಿನಿಂದ ಇನ್ನೊಂದಕ್ಕೆ ಹೋಯಿತು. ಸೋಲುವವರು ಹೊರಗಿನಿಂದ ಬಂದವರಾದರೆ ಆ ರಾಜ್ಯಕ್ಕೆ ನಿಜವಾಗಿಯೂ ಲಾಭವುಂಟು. ಸೋಲುವವರು ಅಲ್ಲಿಯ ಪ್ರಜೆಗಳೇ ಆದರೆ ಅದು ಇನ್ನೊಂದು ತೆರಿಗೆ, ಅಷ್ಟೆ. ಮತ್ತು ವಸೂಲಿಯ ದಲ್ಲಾಳಿಗೆ ಸಿಂಹಪಾಲು ಕೊಡುವ ತೆರಿಗೆ. ಈ ಗುಟ್ಟನ್ನು ಆಳುವವರು ಚೆನ್ನಾಗಿ ಬಲ್ಲರು. ಮೊನಾಕೊ ತನ್ನ ಪ್ರಜೆಗಳನ್ನು ತನ್ನದೇ ಕ್ಯಾಸಿನೊದಲ್ಲಿ ಜೂಜಾಡಗೊಡದು. 2010ರಲ್ಲಿ ಕ್ಯಾಸಿನೊಗಳನ್ನು ತೆರೆದ ಸಿಂಗಪುರ ತನ್ನ ನಾಗರಿಕರಿಗೂ ಕಾಯಂ ನಿವಾಸಿಗಳಿಗೂ ಮಾತ್ರ ನೂರು ಡಾಲರಿನ ಪ್ರವೇಶಶುಲ್ಕ ವಿಧಿಸಿ, 2019ರಲ್ಲಿ ಅದನ್ನು ನೂರೈವತ್ತಕ್ಕೆ ಏರಿಸಿತು. ಗೋವ ಸರ್ಕಾರವೂ 2020ರ ಫೆಬ್ರವರಿಯಿಂದ ತನ್ನ ನಿವಾಸಿಗಳು ಕ್ಯಾಸಿನೊದಲ್ಲಿ ಆಡುವುದನ್ನು ನಿಷೇಧಿಸಿತು. ಹಾಗಾದರೆ ಪಣಜಿಯ ಮಾಂಡೋವಿ ನದಿಯ ಹಡಗುಗಳಲ್ಲಿ ಸೋಲಬೇಕಾದವರು ಯಾರು? ಹುಬ್ಬಳ್ಳಿ ಬೆಳಗಾವಿಗಳಿಂದ ಗೋವ ಒಂದು ರಾತ್ರಿಯ ದಾರಿಯೂ ಅಲ್ಲವೆಂಬುದನ್ನು ವಾಚಕರು ನೆನೆದುಕೊಳ್ಳಬಹುದು.

ಹೊರಗಿನವರ ಹಣವನ್ನು ನಂಬಿದ ಊರಿನ ಕಥೆ ಏನಾಯಿತೆಂಬುದಕ್ಕೆ ನ್ಯೂಜೆರ್ಸಿಯ ಕಡಲತೀರದ ಅಟ್ಲಾಂಟಿಕ್ ಸಿಟಿ ಒಳ್ಳೆಯ ನಿದರ್ಶನ. ಹಳೆಯ ವಿಹಾರಸ್ಥಳ, ಕಳೆಗುಂದಿದ ಊರು. ರಾಜ್ಯದಲ್ಲೆಲ್ಲ ಕ್ಯಾಸಿನೊ ತೆರೆಯುವ ಸೂಚನೆಯನ್ನು 1974ರಲ್ಲಿ ಮತದಾರರು ತಳ್ಳಿಹಾಕಿದ್ದರು. ಇದೊಂದೇ ಊರಿಗೆ ಮಿತಿಗೊಳಿಸಿದ ಮೇಲೆ 1976ರಲ್ಲಿ ಒಪ್ಪಿದರು. ಮೊದಲ ಕ್ಯಾಸಿನೊ 1978ರ ಮೇ ತಿಂಗಳಲ್ಲಿ ತೆರೆಯಿತು. ನೆವಾಡಾ ಬಿಟ್ಟರೆ ಅಮೆರಿಕದಲ್ಲಿ ಇನ್ನೆಲ್ಲಿಯೂ ಅಂಥದಿರಲಿಲ್ಲ. ಸುತ್ತಣ ಮಹಾನಗರಗಳ ಜನ ಬಸ್ಸುಗಳಲ್ಲಿ ಬಂದಿಳಿದರು. ಸಾವಿರಾರು ಮಂದಿಗೆ ಕೆಲಸ ಸಿಕ್ಕಿತು. ಕ್ಯಾಸಿನೊಗಳ ಆದಾಯದ ಮೇಲಿನ ನೂರಕ್ಕೆ ಎಂಟರ ತೆರಿಗೆ ವೃದ್ಧರ ಮತ್ತು ಅಂಗವಿಕಲರ ನೆರವಿಗೆ ಮೀಸಲಾಯಿತು. ಇವು ಸುಳ್ಳಲ್ಲ, ಅಲ್ಲಗಳೆಯಲೂ ಬಾರದು. ಆದರೆ ಬಂದವರು ಊಟ, ವಸತಿ, ವಿನೋದ ಎಲ್ಲವನ್ನೂ ಕ್ಯಾಸಿನೊದ ಒಳಗೇ ಮುಗಿಸಿ ಹಿಂದಿರುಗಿದರು. ಬೀದಿಯ ಫಲಾಹಾರ ಮಂದಿರಗಳಿಗೆ ಗಿರಾಕಿಗಳು ಹೆಚ್ಚಲಿಲ್ಲ. ಕ್ಯಾಸಿನೊಗಳ ಹಿಂಬದಿಯ ಕೇರಿಗಳಲ್ಲಿ ಬಡತನ ಹಾಗೆಯೇ ಉಳಿಯಿತು.

2006ರಲ್ಲಿ ಅಲ್ಲಿಯ ಕ್ಯಾಸಿನೊಗಳ ಆದಾಯ ಸುಮಾರು 520 ಕೋಟಿ ಡಾಲರಿಗೆ ಏರಿತ್ತು. ಅದೇ ವರ್ಷದ ಕೊನೆಯಲ್ಲಿ ನೆರೆಯ ಪೆನ್ಸಿಲ್ವೇನಿಯಾದಲ್ಲಿ ಜೂಜುಯಂತ್ರಗಳು ತಿರುಗತೊಡಗಿದುವು. ನಮ್ಮ ಜನರ ಹಣ ಪಕ್ಕದ ರಾಜ್ಯಕ್ಕೇಕೆ ಹೋಗಬೇಕು ಎಂಬುದೇ ಅಲ್ಲಿಯವರ ವಾದ. ನಮ್ಮಲ್ಲಿಯೂ ಗೋವವನ್ನು ತೋರಿಸಿ ಯಾರಾದರೂ ಇದೇ ವಾದವನ್ನು ಹೂಡಬಹುದು. ಒಂದೊಂದು ರಾಜ್ಯವೂ ಹೀಗೆ ವಾದಿಸಿ ಬಾಗಿಲು ತೆರೆದರೆ ಹೊರಗಿನವರೆಂಬುವರು ಯಾರೂ ಉಳಿಯುವುದಿಲ್ಲ. ಎಲ್ಲರೂ ತಂತಮ್ಮ ಪ್ರಜೆಗಳ ನಷ್ಟವನ್ನೇ ತಿನ್ನಬೇಕು. 2015ರ ಹೊತ್ತಿಗೆ ಅಟ್ಲಾಂಟಿಕ್ ಸಿಟಿಯ ಆದಾಯ ಅರ್ಧಕ್ಕೆ ಇಳಿಯಿತು. 2014 ಒಂದೇ ವರ್ಷದಲ್ಲಿ ನಾಲ್ಕು ಕ್ಯಾಸಿನೊಗಳು ಮುಚ್ಚಿ ಸುಮಾರು ಎಂಟು ಸಾವಿರ ಮಂದಿ ಕೆಲಸ ಕಳೆದುಕೊಂಡರು. 2016ರಲ್ಲಿ ನಗರದ ಹಣಕಾಸನ್ನು ರಾಜ್ಯ ಸರ್ಕಾರವೇ ವಹಿಸಿಕೊಳ್ಳಬೇಕಾಯಿತು. ಇಷ್ಟಾದ ಮೇಲೆ ನ್ಯೂಜೆರ್ಸಿ ಜೂಜನ್ನು ಕಡಮೆ ಮಾಡಿತೆಂದುಕೊಳ್ಳಬೇಡಿ. ಅಂತರ್ಜಾಲದ ಜೂಜಿಗೆ 2013ರಲ್ಲಿಯೇ ಅನುಮತಿ ಕೊಟ್ಟಿತ್ತು. ಆಟೋಟಗಳ ಮೇಲಿನ ಪಣವನ್ನು 2018ರಲ್ಲಿ ಸೇರಿಸಿತು. ಬೊಕ್ಕಸ ಒಮ್ಮೆ ಈ ಹಣಕ್ಕೆ ಒಗ್ಗಿದರೆ ಪ್ರಜೆಗಳು ಇನ್ನಷ್ಟು ಸೋಲಲಿ ಎಂದು ಹಾರೈಸುವ ಸ್ಥಿತಿ ಸರ್ಕಾರದ್ದಾಗುವುದು.

ಶಾಸನಬದ್ಧ ಮಾಡಿದರೆ ಮಟ್ಕಾ, ಓಸಿಗಳಂಥ ಕಳ್ಳಜೂಜು ನಿಲ್ಲುವುದೆಂದು ಹೇಳುವವರಿದ್ದಾರೆ. ಸ್ವಲ್ಪ ತಗ್ಗೀತು. ಆದರೆ ಕಳ್ಳಜೂಜಿನ ಬಾಗಿಲಿಗೆ ಎಂದೂ ಹೋಗದಿದ್ದ ಹೊಸಬರು ರಾಜಮುದ್ರೆಯ ಬಾಗಿಲಿಗೆ ನಿಶ್ಚಿಂತೆಯಿಂದ ಬರುವರು. ಅವರಲ್ಲಿ ಕೆಲವರು ಚಟಕ್ಕೆ ಬೀಳುವರು. ಹಣ ಹೆಚ್ಚಾಗಿ ಬರುವುದೂ ಅವರಿಂದಲೇ. ಆಸ್ಟ್ರೇಲಿಯ ಸರ್ಕಾರದ ಉತ್ಪಾದಕತಾ ಆಯೋಗ 2010ರಲ್ಲಿ ಕೊಟ್ಟ ವರದಿಯಂತೆ, ಜೂಜುಯಂತ್ರಗಳಿಗೆ ಬೀಳುವ ಹಣದಲ್ಲಿ ನೂರಕ್ಕೆ ಸುಮಾರು ನಲವತ್ತು ಪಾಲು ಇಂಥ ಚಟಗ್ರಸ್ತರದು. ಜನಸಂಖ್ಯೆಯಲ್ಲಿ ಅವರು ನೂರಕ್ಕೆ ಒಬ್ಬರೂ ಆಗರು. ಆ ನಲವತ್ತರ ಹಿಂದೆ ಅಡವಿಟ್ಟ ಒಡವೆಯೂ ಕಟ್ಟದೆ ಉಳಿದ ಶಾಲೆಯ ಶುಲ್ಕವೂ ಇರುವುದನ್ನು ಯಾವ ಆಯವ್ಯಯ ಪತ್ರವೂ ತೋರಿಸದು.

ಕರ್ನಾಟಕವು 2007ರಲ್ಲಿ ಲಾಟರಿಯ ವರಮಾನವನ್ನು ಬಿಟ್ಟುಕೊಟ್ಟಿತು. 2023ರ ಅಕ್ಟೋಬರಿನಿಂದ ಅಂತರ್ಜಾಲದ ಹಣದಾಟಗಳಿಗೆ ನೂರಕ್ಕೆ 28ರ ತೆರಿಗೆ ಹಾಕಿದ ಕೇಂದ್ರವೇ 2025ರಲ್ಲಿ ಅವನ್ನು ನಿಷೇಧಿಸುವ ಶಾಸನ ತಂದಿತು. ಮುಂದೆ ಯಾವ ರಾಜ್ಯವಾದರೂ ಜೂಜಿನ ಬಾಗಿಲನ್ನು ಅಗಲಿಸ ಹೊರಟರೆ, ಬರುವ ಆದಾಯದ ಅಂಕಿಯೊಂದನ್ನೇ ಶಾಸನಸಭೆಯ ಮುಂದಿಡುವುದು ಸಾಲದು. ಇಂದಿನ ಜೂಜುಯಂತ್ರಗಳೂ ದೂರವಾಣಿಗಳೂ ಕಟ್ಟಿದ ಪ್ರತಿಯೊಂದು ಪಣವನ್ನೂ ದಾಖಲು ಮಾಡಬಲ್ಲುವು. ಆದ್ದರಿಂದ ಆ ಆದಾಯದಲ್ಲಿ ಎಷ್ಟು ಪಾಲು ಸ್ವಂತ ಪ್ರಜೆಗಳದು, ಎಷ್ಟು ಹೊರಗಿನವರದು, ಅತಿ ಹೆಚ್ಚು ಸೋತ ನೂರಕ್ಕೆ ಐದು ಮಂದಿಯಿಂದ ಬಂದದ್ದೆಷ್ಟು ಎಂಬ ಮೂರು ಅಂಕಿಗಳನ್ನು ಪರವಾನಗಿದಾರರಿಂದ ವರ್ಷವರ್ಷವೂ ಪಡೆದು ಪ್ರಕಟಿಸಬೇಕೆಂಬುದನ್ನು ಪರವಾನಗಿಯ ಮೊದಲ ಷರತ್ತಾಗಿ ಮಾಡಬೇಕೆಂದು ನಮ್ಮ ಒತ್ತಾಯ.