ಯಾವ ಆಂಟಿವೈರಸ್ ಎಂದು ಕೇಳುವ ಮೊದಲು



ಸಂಘದ ಕಚೇರಿಗೆ ವಾರ್ಷಿಕ ಚಂದಾ ಕಟ್ಟಲು ಬರುವ ಹಿರಿಯರು ರಸೀತಿಯನ್ನು ಜೇಬಿಗೆ ಹಾಕಿಕೊಂಡ ಮೇಲೆ ಈಚೆಗೆ ಒಂದು ಪ್ರಶ್ನೆ ಕೇಳುತ್ತಾರೆ: ಮನೆಯ ಕಂಪ್ಯೂಟರ್‌ಗೆ ಯಾವ ಆಂಟಿವೈರಸ್ ಒಳ್ಳೆಯದು? ಪ್ರಶ್ನೆ ಹಳೆಯದೇ. ಅದು ಈಗ ಮತ್ತೆ ಎದ್ದಿರುವುದಕ್ಕೆ ಕಾರಣ, 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ ನಿಲ್ಲಿಸಿದ್ದು. ರಿಪೇರಿ ಅಂಗಡಿಗೆ ಹೋದವರಿಗೆ ಅಲ್ಲಿ ಸಿಕ್ಕ ಉತ್ತರ, "ವಿಂಡೋಸ್ ಹಳೆಯದಾದರೇನು ಸಾರ್, ಒಳ್ಳೆಯ ಆಂಟಿವೈರಸ್ ಒಂದು ಹಾಕಿಸಿಬಿಡಿ, ಸಾಕು" ಎಂದು. ಈ ಮಾತನ್ನು ನಾವು ಒಪ್ಪುವುದಿಲ್ಲ.

ವಿಂಡೋಸ್ ಅಪ್‌ಡೇಟ್ ಬೇರೆ, ಆಂಟಿವೈರಸ್ ಬೇರೆ. ಮನೆಯ ಗೋಡೆಯಲ್ಲಿ ಬಿರುಕು ಕಂಡಾಗ ಗಾರೆ ಹಚ್ಚುವುದು ಅಪ್‌ಡೇಟ್‌ನ ಕೆಲಸ. ಒಳಗೆ ಬಂದವನ ಮುಖ ನೋಡಿ ಕಳ್ಳನೋ ಅಲ್ಲವೋ ಎಂದು ಹೇಳುವುದು ಆಂಟಿವೈರಸ್‌ನ ಕೆಲಸ. ಬಿರುಕನ್ನು ಹಾಗೇ ಬಿಟ್ಟು ಕಾವಲುಗಾರನಿಗೆ ಮಾತ್ರ ಸಂಬಳ ಕೊಟ್ಟರೆ ಏನಾಗುತ್ತದೆ ಎಂಬುದನ್ನು 2017ರ ಮೇ ತಿಂಗಳಲ್ಲಿ ಲೋಕವೇ ನೋಡಿತು. ವಾನಾಕ್ರೈ ಎಂಬ ವೈರಸ್ ಕಂಪ್ಯೂಟರ್‌ಗಳಲ್ಲಿದ್ದ ಕಡತಗಳಿಗೆ ಬೀಗ ಹಾಕಿ, ಬೀಗ ತೆಗೆಯಲು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ಕಂಗಾಲಾದವು. ನಮ್ಮ ಕಡೆ ಆಂಧ್ರ ಪೊಲೀಸರ ಕೆಲವು ಕಂಪ್ಯೂಟರ್‌ಗಳು, ತಿರುಮಲ ದೇವಸ್ಥಾನದ ಆಡಳಿತ ಕಚೇರಿಯ ಕೆಲವು ಕಂಪ್ಯೂಟರ್‌ಗಳು ಕೂಡ ಸಿಕ್ಕಿಬಿದ್ದವು. ಆದರೆ ಆ ಬಿರುಕಿಗೆ ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲೇ, ಅಂದರೆ ಎರಡು ತಿಂಗಳ ಮೊದಲೇ, ತೇಪೆ ಕೊಟ್ಟಿತ್ತು. ಅದನ್ನು ಹಾಕಿಕೊಂಡಿದ್ದ ಯಂತ್ರಗಳೊಳಗೆ ವೈರಸ್ ಆ ದಾರಿಯಿಂದ ನುಗ್ಗಲು ಆಗಲಿಲ್ಲ.

ಗಣಪತಿಯಲ್ಲಿ ಇದು ಕೇವಲ ಮೊಮ್ಮಕ್ಕಳ ಫೋಟೋಗಳ ವಿಚಾರವಲ್ಲ. ಸತ್ಯಮಂಗಲ ರಸ್ತೆಯ ಎರಡೂ ಬದಿಯ ಬೀದಿಗಳಲ್ಲಿ ಲೇತ್ ಇಟ್ಟವರು, ಪಂಪು-ಮೋಟಾರಿನ ಬಿಡಿಭಾಗ ಮಾಡುವವರು, ಜಾಬ್ ವರ್ಕ್ ನಂಬಿದವರು ಎಷ್ಟು ಮಂದಿ ಇದ್ದಾರೆ. ಅವರಲ್ಲಿ ಅನೇಕರಿಗೆ ಮನೆಯ ಕಂಪ್ಯೂಟರೇ ಕಚೇರಿ. ಟ್ಯಾಲಿ ಲೆಕ್ಕ, ಜಿಎಸ್‌ಟಿ ರಿಟರ್ನ್, ಬ್ಯಾಂಕಿನ ವ್ಯವಹಾರ ಎಲ್ಲವೂ ಹಾಲಿನಲ್ಲಿರುವ ಒಂದೇ ಪೆಟ್ಟಿಗೆಯಲ್ಲಿ. ಮೂರು ವರ್ಷದ ಲೆಕ್ಕಪುಸ್ತಕ ಒಂದೇ ರಾತ್ರಿಯಲ್ಲಿ ಓದಲಾಗದಂತಾದರೆ ಆ ಮನೆಯ ಗತಿಯೇನು?

ಆದ್ದರಿಂದ ಮೊದಲು ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರಲ್ಲಿ ಅಬೌಟ್ ಎಂಬಲ್ಲಿಗೆ ಹೋಗಿ ನಿಮ್ಮದು ಯಾವ ವಿಂಡೋಸ್ ಎಂದು ನೋಡಿಕೊಳ್ಳಿ. ವಿಂಡೋಸ್ 11 ಆಗಿದ್ದರೆ ಅಪ್‌ಡೇಟ್ ಬಂದಾಗ ಮುಂದೂಡದೆ ಹಾಕಿಕೊಂಡರಾಯಿತು. ವಿಂಡೋಸ್ 10 ಆಗಿದ್ದು ಯಂತ್ರ ಹೊಸದನ್ನು ತಡೆದುಕೊಳ್ಳುವುದಾದರೆ 11ಕ್ಕೆ ಬದಲಾಯಿಸಿ, ಅದಕ್ಕೆ ಶುಲ್ಕವಿಲ್ಲ. ಟಿಪಿಎಂ 2.0 ಎಂಬ ಚಿಪ್ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರು ಅಥವಾ ನಂತರದ್ದಿರಬೇಕು. ಅಷ್ಟಿಲ್ಲದ ಹಳೆಯ ಯಂತ್ರಗಳಿಗೂ ಮೈಕ್ರೋಸಾಫ್ಟ್ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗಳನ್ನು 2026ರ ಅಕ್ಟೋಬರ್ 13ರವರೆಗೆ ಎಂದು ಘೋಷಿಸಿತು. 30 ಡಾಲರ್ ಕಟ್ಟಬಹುದು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್‌ಗೆ ಒಪ್ಪಿದರೆ ಹಣವೇ ಬೇಡ. ಈ ಎರಡನೆಯ ದಾರಿಯನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಅದರಲ್ಲಿ ಅವರಿಗೇನೂ ಗಿಟ್ಟುವುದಿಲ್ಲವಲ್ಲ.

ಇನ್ನು ಆಂಟಿವೈರಸ್. ವಿಂಡೋಸ್ 10 ಮತ್ತು 11ರಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಒಳಗೇ ಇರುತ್ತದೆ. ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆಯ ಪರೀಕ್ಷೆಗಳಲ್ಲಿ ಅದು ಹಲವು ವರ್ಷಗಳಿಂದ ಹಣ ಕೊಟ್ಟು ಕೊಳ್ಳುವ ಹೆಸರಾಂತ ಆಂಟಿವೈರಸ್‌ಗಳ ಸಾಲಿನಲ್ಲೇ ಅಂಕ ಪಡೆಯುತ್ತಿದೆ. ಬೇರೊಂದನ್ನು ಹಾಕಿದರೆ ಡಿಫೆಂಡರ್ ಬದಿಗೆ ಸರಿದು ನಿಲ್ಲುತ್ತದೆ. ಹೊಸ ಲ್ಯಾಪ್‌ಟಾಪ್‌ನೊಂದಿಗೆ ಬರುವ ಟ್ರಯಲ್ ಆಂಟಿವೈರಸ್‌ನ ಅವಧಿ ಮುಗಿದ ಮೇಲೂ ಅದನ್ನು ತೆಗೆಯದೆ ಬಿಡುವುದು ಅನೇಕ ಮನೆಗಳಲ್ಲಿದೆ. ಅವಧಿ ಮುಗಿದದ್ದನ್ನು ತೆಗೆದುಹಾಕಿ, ವಿಂಡೋಸ್ ಸೆಕ್ಯುರಿಟಿ ತೆರೆದು ಹಸಿರು ಗುರುತು ಬಂದಿದೆಯೇ ನೋಡಿ. ಸಾಮಾನ್ಯ ಮನೆಬಳಕೆಗೆ ಅಷ್ಟು ಸಾಕು ಎಂಬುದು ನಮ್ಮ ಅಭಿಪ್ರಾಯ.

ಹಣ ಕೊಟ್ಟೇ ಕೊಳ್ಳುತ್ತೇವೆ ಎನ್ನುವವರಿಗೂ ನಮ್ಮ ಅಡ್ಡಿಯಿಲ್ಲ. ಚೆನ್ನೈಯ ಕೆ7, ಪುಣೆಯ ಕ್ವಿಕ್ ಹೀಲ್ ನಮ್ಮ ದೇಶದವೇ; ಫೋನ್ ಮಾಡಿದರೆ ನಮ್ಮ ಭಾಷೆಗಳಲ್ಲಿ ಮಾತನಾಡುವವರು ಸಿಕ್ಕರೆ ಅದೂ ಒಂದು ಅನುಕೂಲ. ಆದರೆ ಒಂದು ಮಾತು. ಆಂಟಿವೈರಸ್‌ಗೆ ಕಂಪ್ಯೂಟರ್‌ನ ಎಲ್ಲ ಕೋಣೆಗಳ ಕೀಲಿಯೂ ಬೇಕು. ಖಜಾನೆ ಇದ್ದ ಕಚೇರಿಗಳಲ್ಲಿ ದುಡಿದವರಿಗೆ ಗೊತ್ತು, ಕೀಲಿ ಯಾರ ಕೈಯಲ್ಲಿ ಎಂಬುದೇ ಅಲ್ಲಿ ಮೊದಲ ಪ್ರಶ್ನೆ. ಅವಾಸ್ಟ್ ಕಂಪನಿ ತನ್ನ ಬಳಕೆದಾರರು ಯಾವ ಯಾವ ಪುಟ ನೋಡಿದರು ಎಂಬ ಮಾಹಿತಿಯನ್ನು ಮಾರಿತ್ತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ಫೆಬ್ರವರಿಯಲ್ಲಿ 165 ಲಕ್ಷ ಡಾಲರ್ ಕಟ್ಟಿಸುವ ಆದೇಶ ಪ್ರಕಟಿಸಿತು. ಅದೇ ವರ್ಷ ಜೂನ್‌ನಲ್ಲಿ ಅಮೆರಿಕ ಸರ್ಕಾರ ರಷ್ಯಾದ ಕ್ಯಾಸ್ಪರ್‌ಸ್ಕಿಯನ್ನು ನಿಷೇಧಿಸಿತು. ಸೆಪ್ಟೆಂಬರ್‌ನಲ್ಲಿ ಅಲ್ಲಿನ ಅನೇಕರು ಬೆಳಿಗ್ಗೆ ಎದ್ದು ನೋಡಿದರೆ ಕ್ಯಾಸ್ಪರ್‌ಸ್ಕಿ ಮಾಯವಾಗಿ ಅಲ್ಟ್ರಾಎವಿ ಎಂಬ ಅಪರಿಚಿತ ಬಂದು ಕೂತಿತ್ತು! ನಮ್ಮ ಸದಸ್ಯರ ಮಕ್ಕಳಲ್ಲಿ ಹಲವರು ಅಮೆರಿಕದಲ್ಲಿದ್ದಾರೆ, ಅವರನ್ನೇ ಕೇಳಿ ನೋಡಬಹುದು. ಭಾರತದಲ್ಲಿ ಅಂಥ ನಿಷೇಧವಿಲ್ಲ.

ಈಗ ಹಣ ಹೋಗುವ ದಾರಿ ವೈರಸ್‌ಗಿಂತ ಹೆಚ್ಚಾಗಿ ಫೋನು. ನಮ್ಮ ಸದಸ್ಯರೊಬ್ಬರು, ಹೆಸರು ಬೇಡ, ನಿವೃತ್ತ ಶಿಕ್ಷಕರು. "ನಿಮ್ಮ ಆಂಟಿವೈರಸ್ ನವೀಕರಣಗೊಂಡಿದೆ, ಹಣ ಕಡಿತವಾಗಲಿದೆ, ಬೇಡವಾದರೆ ಈ ಸಂಖ್ಯೆಗೆ ಕರೆ ಮಾಡಿ" ಎಂಬ ಇ-ಮೇಲ್ ಅವರಿಗೆ ಬಂತು. ಅವರು ಆಂಟಿವೈರಸ್ ಕೊಂಡವರೇ ಅಲ್ಲ. ಗಾಬರಿಯಲ್ಲಿ ಕರೆ ಮಾಡಿದರು. ಹಣ ವಾಪಸ್ ಕೊಡುತ್ತೇವೆ, ಈ ಒಂದು ಆ್ಯಪ್ ಹಾಕಿಕೊಳ್ಳಿ ಎಂದರು ಆ ಕಡೆಯವರು. ಪರದೆಯ ಮೇಲೆ ಬಾಣದ ಗುರುತು ತಾನಾಗಿ ಓಡಾಡತೊಡಗಿತು, ಬ್ಯಾಂಕಿನ ಪುಟ ತೆರೆಯಲು ಹೇಳಿದರು. ಅಷ್ಟರಲ್ಲಿ ಅಡುಗೆಮನೆಯಿಂದ ಬಂದ ಅವರ ಮನೆಯವರು ಒಂದು ಮಾತೂ ಆಡದೆ ಮೋಡೆಮ್‌ನ ಸ್ವಿಚ್ಚನ್ನೇ ಆರಿಸಿಬಿಟ್ಟರು. ಪಿಂಚಣಿ ಉಳಿಯಿತು. ದೂರದಿಂದ ಕಂಪ್ಯೂಟರ್ ನಡೆಸುವ ಎನಿಡೆಸ್ಕ್‌ನಂಥ ಆ್ಯಪ್‌ಗಳು ಕಾನೂನುಬದ್ಧವಾದವು. ಹಾಗಾಗಿ, ಮಾಲೀಕರೇ ಬಾಗಿಲು ತೆರೆದು ಒಳಗೆ ಕರೆದರೆ, ಆಂಟಿವೈರಸ್ ತಡೆಯುತ್ತದೆ ಎಂದು ನಂಬಿ ಕೂರುವಂತಿಲ್ಲ. ಹಣ ಹೋದದ್ದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಿ. ಮಾರನೆಯ ದಿನ ಮಗ ಬರಲಿ ಎಂದು ಕಾಯಬೇಡಿ.

ಕನ್ನಡಿಗರಿಗೇ ಸೇರಿದ ಇನ್ನೊಂದು ಸಂಗತಿ. ನುಡಿ, ಬರಹ ತಂತ್ರಾಂಶಗಳನ್ನು ಎಲ್ಲೆಲ್ಲಿಂದಲೋ "ಫ್ರೀ ಡೌನ್‌ಲೋಡ್" ಎಂದು ಇಳಿಸಿಕೊಂಡು, ಜೊತೆಗೆ ಬೇಡದ್ದನ್ನೂ ಮನೆಗೆ ತಂದುಕೊಳ್ಳುವವರಿದ್ದಾರೆ. ಬೇಕಾದರೆ ಅಧಿಕೃತ ತಾಣದಿಂದಲೇ ತೆಗೆದುಕೊಳ್ಳಿ. ವಿಂಡೋಸ್‌ನಲ್ಲೇ ಕನ್ನಡ ಕೀಲಿಮಣೆ ಇದೆ, ಸಂಘಕ್ಕೆ ಪತ್ರ ಬರೆಯಲು ಅದೇ ಧಾರಾಳವಾಗಿ ಸಾಕು.

ಟ್ಯಾಲಿ ಲೆಕ್ಕ, ಫೋಟೋ, ಪತ್ರಗಳ ಒಂದು ಪ್ರತಿಯನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ತೆಗೆದು, ವೈರು ಬಿಡಿಸಿ, ಬೀರುವಿನಲ್ಲಿಡಿ. ಸದಾ ಚುಚ್ಚಿಕೊಂಡೇ ಇದ್ದರೆ ವೈರಸ್ ಅದಕ್ಕೂ ಬೀಗ ಹಾಕುತ್ತದೆ.

ಮುಂದಿನ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ 10ರಿಂದ 1ರವರೆಗೆ ಸಂಘದ ಸಭಾಂಗಣದಲ್ಲಿ ನಮ್ಮ ಯುವ ಸದಸ್ಯರು ಲ್ಯಾಪ್‌ಟಾಪ್‌ಗಳನ್ನು ನೋಡಿ, ಅಪ್‌ಡೇಟ್ ಮತ್ತು ನೋಂದಣಿಗೆ ನೆರವಾಗುತ್ತಾರೆ. ಶುಲ್ಕವಿಲ್ಲ. ಚಾರ್ಜರ್ ಮರೆಯದೆ ತನ್ನಿ. ಪಾಸ್‌ವರ್ಡನ್ನು ನೀವೇ ಟೈಪ್ ಮಾಡಿ, ನಮ್ಮ ಹುಡುಗರಿಗೂ ಹೇಳಬೇಡಿ. ದೊಡ್ಡ ಕಂಪ್ಯೂಟರ್ ಇರುವವರು ಪೆಟ್ಟಿಗೆ ಹೊತ್ತು ತರುವುದು ಬೇಡ, ಹೆಸರು ಬರೆಸಿದರೆ ಮನೆಗೇ ಕಳುಹಿಸುತ್ತೇವೆ. ಕಾಫಿ ವ್ಯವಸ್ಥೆ ಇದೆ.

ಕಾರ್ಯದರ್ಶಿ