ಅಧ್ಯಯನ ಪ್ರವಾಸವೋ, ವಿದೇಶ ವಿಹಾರವೋ?

ನಾನು ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಶೈಕ್ಷಣಿಕ ಪ್ರವಾಸವೆಂದರೆ ಬೇಲೂರು, ಹಳೇಬೀಡು, ಶ್ರವಣಬೆಳಗೊಳ; ಬಹಳವೆಂದರೆ ಜೋಗ. ಹಿಂದಿರುಗಿದ ಮೇಲೆ ಮಕ್ಕಳು ಎರಡು ಪುಟದ ಪ್ರಬಂಧ ಬರೆಯಬೇಕಿತ್ತು. ಅದರಲ್ಲಿ ಒಂದೂವರೆ ಪುಟ ಬಸ್ಸಿನಲ್ಲಿ ಹಾಡಿದ ಹಾಡು, ದಾರಿಯಲ್ಲಿ ತಿಂದ ಪುಳಿಯೋಗರೆಯ ವರ್ಣನೆಯೇ ಇರುತ್ತಿತ್ತೆಂಬುದು ಬೇರೆ ಮಾತು. ಈಗ ನಮ್ಮ ಆನೇಕಲ್ ತಾಲ್ಲೂಕಿನ ರಸ್ತೆಗಳಲ್ಲಿ ಹೋಗುವಾಗ ಎಂ.ಬಿ.ಎ. ಕಾಲೇಜುಗಳ ಫಲಕಗಳು ಕಣ್ಣಿಗೆ ಬೀಳುತ್ತವೆ. ಇಂಥ ಕಾಲೇಜುಗಳಲ್ಲಿ ಹಲವು ತಮ್ಮ ವಿದ್ಯಾರ್ಥಿಗಳನ್ನು ದುಬೈಗೋ ಸಿಂಗಪುರಕ್ಕೋ ಕರೆದೊಯ್ಯುತ್ತವೆ. ಅದಕ್ಕೆ ‘ಅಂತಾರಾಷ್ಟ್ರೀಯ ಅಧ್ಯಯನ ಪ್ರವಾಸ’ ಎಂಬ ಘನವಾದ ಹೆಸರು. ಈ ಪ್ರವಾಸಗಳಲ್ಲಿ ಪ್ರವಾಸವೇನೋ ಇದೆ, ಅಧ್ಯಯನ ಎಷ್ಟಿದೆ ಎಂಬುದು ನನ್ನ ಪ್ರಶ್ನೆ.

ನಮ್ಮ ಬೀದಿಯ ನೇಕಾರರೊಬ್ಬರು ಮಗನ ಕಾಲೇಜಿನಿಂದ ಬಂದ ಸುತ್ತೋಲೆಯನ್ನು ಓದಿಸಲು ನನ್ನಲ್ಲಿಗೆ ತಂದಿದ್ದರು. ಮನೆಯಲ್ಲಿ ಎರಡು ವಿದ್ಯುತ್ ಮಗ್ಗಗಳಿವೆ. ಮಗನ ಶುಲ್ಕಕ್ಕಾಗಿ ಬ್ಯಾಂಕಿನ ಸಾಲ ಆಗಲೇ ಇದೆ. ದುಬೈಗೆ ಐದು ದಿನ, ಲಕ್ಷಕ್ಕೆ ಮೀರಿದ ಮೊತ್ತ. ದಿನವಾರು ಕಾರ್ಯಕ್ರಮ ನೋಡಿದೆ. ಒಂದು ದಿನ ಬೆಳಗ್ಗೆ ಒಂದು ಕಂಪನಿಯ ಭೇಟಿ, ಇನ್ನೊಂದು ಬೆಳಗ್ಗೆ ಒಂದು ಉಪನ್ಯಾಸ. ಉಳಿದದ್ದೆಲ್ಲ ಎತ್ತರದ ಕಟ್ಟಡ, ಮರಳುಗಾಡಿನ ಸವಾರಿ, ಮಾಲುಗಳಲ್ಲಿ ‘ಬಿಡುವಿನ ವೇಳೆ’. “ಮೇಷ್ಟ್ರೇ, ಹೋಗ್ದಿದ್ರೆ ಮಾರ್ಕ್ಸ್ ಕಟ್ ಮಾಡ್ತಾರಂತೆ, ಹೌದಾ? ಇನ್ನೊಂದು ಸಲ ಸರಿಯಾಗಿ ಓದಿ” ಎಂದರು ಅವರು. ಸುತ್ತೋಲೆಯಲ್ಲಿ ಕಡ್ಡಾಯ ಎಂಬ ಪದ ಎಲ್ಲಿಯೂ ಇರಲಿಲ್ಲ. ಆದರೆ ಪ್ರವಾಸದ ವರದಿಗೆ ಅಂಕಗಳಿವೆ ಎಂದು ಬರೆದಿತ್ತು. ಬಡ ತಂದೆಯನ್ನು ಹೆದರಿಸಲು ಅಷ್ಟು ಸಾಕು. ಆತ ಕೈಸಾಲ ಮಾಡಿ ಹಣ ಕಟ್ಟಿದರು.

ದೂರದೇಶಕ್ಕೆ ಹೋಗಬಾರದೆಂದು ಹೇಳುವ ಸಂಪ್ರದಾಯಸ್ಥ ನಾನಲ್ಲ. ಇಂದಿನ ಕರ್ನಾಟಕದ ಎಷ್ಟೋ ಸಂಸ್ಥೆಗಳ ಹಿಂದೆ ಒಂದು ವಿದೇಶ ಪ್ರವಾಸದ ನೆನಪಿದೆ. 1898ರಲ್ಲಿ, ಮುಂಬಯಿ ಪ್ರಾಂತ್ಯದಲ್ಲಿ ಎಂಜಿನಿಯರಾಗಿದ್ದ ವಿಶ್ವೇಶ್ವರಯ್ಯನವರು ಸರ್ಕಾರಿ ಕೆಲಸಕ್ಕೆ ರಜೆ ಹಾಕಿ ಜಪಾನಿಗೆ ಹೋದರು. ಆಗ ಅವರಿಗೆ ನಲವತ್ತು ತುಂಬಿರಲಿಲ್ಲ. ಕೆಲವೇ ದಶಕಗಳ ಹಿಂದೆ ಬಾಗಿಲು ಮುಚ್ಚಿಕೊಂಡಿದ್ದ ದೇಶವೊಂದು ಶಾಲೆ, ಕೈಗಾರಿಕೆ, ಬ್ಯಾಂಕುಗಳಿಂದ ಹೇಗೆ ಎದ್ದು ನಿಂತಿತು ಎಂಬುದು ಅವರ ಕುತೂಹಲ. 1912ರಲ್ಲಿ ಮೈಸೂರಿನ ದಿವಾನರಾದ ಮೇಲೆ ಅವರು ಮಾಡಿದ್ದನ್ನು ನೋಡಿ: 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾನೂನು, ಅದೇ ವರ್ಷ ಮೈಸೂರು ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾನಿಲಯ. ಇವೆಲ್ಲವೂ ಜಪಾನಿನ ನಕಲು ಎಂದರೆ ತಪ್ಪಾದೀತು. ಆದರೆ ಅವರ ಬರಹಗಳಲ್ಲಿ ಜಪಾನಿನ ಅಂಕಿ-ಅಂಶಗಳ ಪಕ್ಕದಲ್ಲಿ ನಮ್ಮ ಅಂಕಿ-ಅಂಶಗಳನ್ನು ಇಟ್ಟು ತೂಗುವ ಅಭ್ಯಾಸ ಕೊನೆಯವರೆಗೂ ಉಳಿಯಿತು. ಮನೆಯ ಚಿಂತೆಯನ್ನು ಗಂಟು ಕಟ್ಟಿಕೊಂಡು ಹೊರಟವರಿಗೆ ಮಾತ್ರ ಇದು ಸಾಧ್ಯ.

ಅವರಿಗಿಂತ ಐದು ವರ್ಷ ಮೊದಲು, 1893ರಲ್ಲಿ, ಜಪಾನಿಗೆ ಹೋಗಿದ್ದ ಇನ್ನೊಬ್ಬರು ಜಮ್‌ಶೆಟ್‌ಜಿ ಟಾಟಾ. ಅಲ್ಲಿಯ ರೇಷ್ಮೆ ಕೃಷಿಯ ಕ್ರಮವನ್ನು ಇಲ್ಲಿಗೆ ತರಬೇಕೆಂದು ಜಪಾನಿನ ತಜ್ಞರನ್ನೇ ಕರೆಸಿ ಬೆಂಗಳೂರಿನಲ್ಲಿ ತೋಟ ಮಾಡಿಸಿದರು. ಬಸವನಗುಡಿಯ ಬಳಿ ‘ಟಾಟಾ ಸಿಲ್ಕ್ ಫಾರ್ಮ್’ ಎಂಬ ಹೆಸರು ಇಂದಿಗೂ ಉಳಿದಿದೆ. ಅಲ್ಲಿ ಹಿಪ್ಪುನೇರಳೆ ಮಾತ್ರ ಇಲ್ಲ.

ರೇಷ್ಮೆಯ ಮಾತು ಬಂದದ್ದರಿಂದ ನಮ್ಮೂರಿಗೇ ಬರುತ್ತೇನೆ. ಆನೇಕಲ್ ನೇಯ್ಗೆಯ ಊರು. ಇಲ್ಲಿಂದ 20 ಕಿಲೋಮೀಟರಿಗಿಂತ ಕಡಿಮೆ ದೂರದಲ್ಲಿ ಎಲೆಕ್ಟ್ರಾನಿಕ್ ಸಿಟಿ. ಅಲ್ಲಿಗೆ ಅಮೆರಿಕ, ಯೂರೋಪುಗಳ ವ್ಯವಹಾರ ಶಾಲೆಗಳ ವಿದ್ಯಾರ್ಥಿಗಳೂ ಹೀಗೆಯೇ ಅಧ್ಯಯನ ಪ್ರವಾಸಕ್ಕೆ ಬರುತ್ತಾರೆ. 2002ರ ಜನವರಿಯಲ್ಲಿ ಚೀನಾದ ಪ್ರಧಾನಿ ಝು ರೊಂಗ್‌ಜಿ ಇನ್ಫೋಸಿಸ್‌ಗೆ ಬಂದಿದ್ದರು. ಪತ್ರಕರ್ತ ಥಾಮಸ್ ಫ್ರೀಡ್‌ಮನ್ ಅಲ್ಲಿಯ ಅಂಗಳದಲ್ಲಿ ನಂದನ್ ನಿಲೇಕಣಿಯವರೊಡನೆ ಆಡಿದ ಮಾತಿನಿಂದಲೇ ಜಗತ್ತು ಚಪ್ಪಟೆಯಾಗಿದೆ ಎಂಬ ಪುಸ್ತಕವನ್ನು 2005ರಲ್ಲಿ ಹೊರತಂದರು. ಬಂದವರು ಗಾಜಿನ ಕಟ್ಟಡ ನೋಡಿದರು, ಹುಲ್ಲುಹಾಸು ನೋಡಿದರು, ಹವಾನಿಯಂತ್ರಿತ ಬಸ್ಸಿನಲ್ಲಿ ವಿಮಾನ ನಿಲ್ದಾಣಕ್ಕೆ ಹಿಂದಿರುಗಿದರು. ನಮ್ಮ ಹುಡುಗರು ದುಬೈನಲ್ಲಿ ನೋಡುವುದೂ ಅದೇ ಗಾಜನ್ನೇ!

ಆ ಚೀನಾದ ಪ್ರಧಾನಿ ಇಲ್ಲಿಗೆ ಬಂದ ಹೊತ್ತಿಗೆ ಚೀನಾದ ನೂಲು ನಮ್ಮ ಮಗ್ಗಗಳಿಗೆ ಬಂದಾಗಿತ್ತು. ಹಾಸಿಗೆ ಚೀನಾದ ರೇಷ್ಮೆಯೇ ಬೇಕೆಂದು ವಿದ್ಯುತ್ ಮಗ್ಗದವರು ಹೇಳುತ್ತಿದ್ದರು. ಎಳೆ ಸಮನಾಗಿರುತ್ತದೆ, ಪದೇ ಪದೇ ತುಂಡಾಗುವುದಿಲ್ಲ. ಎಳೆ ತುಂಡಾದಷ್ಟು ಸಲ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತಷ್ಟು ಹೊತ್ತು ಕೂಲಿ ನಿಲ್ಲುತ್ತದೆ. ನಮ್ಮ ಮಿಶ್ರತಳಿ ಗೂಡಿನ ನೂಲಿಗೆ ಆ ಗುಣ ಕಡಿಮೆ. ಇತ್ತ ಅಗ್ಗದ ಚೀನಾ ನೂಲಿನಿಂದ ರಾಮನಗರ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗಳಲ್ಲಿ ರೈತ ತತ್ತರಿಸಿದ. 2003ರಲ್ಲಿ ಕೇಂದ್ರ ಸರ್ಕಾರ ಚೀನಾ ರೇಷ್ಮೆಯ ಮೇಲೆ ಆ್ಯಂಟಿ-ಡಂಪಿಂಗ್ ಸುಂಕ ಹಾಕಿತು. 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ. 30ರಿಂದ ಶೇ. 5ಕ್ಕೆ ಇಳಿಯಿತು, ಗೂಡಿನ ಬೆಲೆ ಕುಸಿದು ರೈತರು ಬೀದಿಗಿಳಿದರು. 2013ರಲ್ಲಿ ಅದನ್ನು ಶೇ. 15ಕ್ಕೆ ಏರಿಸಿದರು. ರೈತನಿಗೆ ಹಿತವಾದ ಸುಂಕ ನೇಕಾರನಿಗೆ ಹೊರೆ. ನೇಕಾರನಿಗೆ ಹಿತವಾದದ್ದು ರೈತನಿಗೆ ಮೃತ್ಯು. ಇಬ್ಬರೂ ನಮ್ಮವರೇ. ಈ ನಡುವೆ 1991ರಿಂದ 2007ರವರೆಗೆ ಜಪಾನಿನ ನೆರವಿನೊಂದಿಗೆ ಕೇಂದ್ರ ರೇಷ್ಮೆ ಮಂಡಳಿ ದ್ವಿತಳಿ ರೇಷ್ಮೆಯನ್ನು ಬೆಳೆಸುವ ಯೋಜನೆ ನಡೆಸಿತು. ಟಾಟಾ ಅವರು ಜಪಾನೀಯರನ್ನು ಕರೆಸಿದ ಸುಮಾರು ನೂರು ವರ್ಷಗಳ ಮೇಲೆ ಮತ್ತೆ ಜಪಾನೀಯರೇ ಬರಬೇಕಾಯಿತು!

ವ್ಯವಹಾರ ಕಲಿಯುವ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಪಠ್ಯ ಯಾವುದು ಬೇಕು? ಬೆಲೆ, ಗುಣಮಟ್ಟ, ಸುಂಕ, ಸಾಲ, ರಾಜಕಾರಣ ಎಲ್ಲವೂ ಒಂದು ಸೀರೆಯ ಹಾಸಿನಲ್ಲಿ ಇವೆ. ಮೇಲೆ ಹೇಳಿದ ನೇಕಾರರ ಮಗ ಆ ಮಗ್ಗದ ಸದ್ದಿನಲ್ಲೇ ಬೆಳೆದವನು. ಅವನ ಅಧ್ಯಾಪಕರಲ್ಲಿ ಒಬ್ಬರಾದರೂ, “ನಿಮ್ಮ ಮನೆಗೆ ನೂಲು ಎಲ್ಲಿಂದ ಬರುತ್ತದೆ?” ಎಂದು ಕೇಳಿಲ್ಲವಂತೆ. ಈ ಪ್ರಶ್ನೆಯನ್ನು ಹೊತ್ತು ಅವನು ಚೀನಾದ ರೇಷ್ಮೆ ಕಾರ್ಖಾನೆಯೊಂದಕ್ಕೆ ಹೋಗಿದ್ದರೆ, ಆ ಲಕ್ಷ ರೂಪಾಯಿಗೆ ನಾನು ಒಂದು ಮಾತೂ ಆಡುತ್ತಿರಲಿಲ್ಲ. ದುಬೈ ಕೂಡ ಕೆಟ್ಟದ್ದಲ್ಲ. ಬಂದರು, ಸರಕು ಸಾಗಣೆ, ನಮ್ಮ ದೇಶದ ಕೂಲಿಕಾರರ ಬದುಕು ಅಲ್ಲಿ ನೋಡುವಂಥವು. ಕಾರ್ಯಕ್ರಮಪಟ್ಟಿಯಲ್ಲಿ ಅವು ಯಾವುದೂ ಇರಲಿಲ್ಲ.

ಕಾಲೇಜುಗಳು ಮಾಡಬೇಕಾದದ್ದು ಕಷ್ಟವಾದುದೇನೂ ಅಲ್ಲ. ಪ್ರವಾಸದ ಖರ್ಚನ್ನು ಪ್ರವೇಶದ ದಿನವೇ ಬರೆದು ತಿಳಿಸಲಿ. ಸಾಲ ಮಾಡಿದ ಮೇಲೆ ಸುತ್ತೋಲೆ ಕಳಿಸುವುದು ಬೇಡ. ವಿಮಾನ ಹತ್ತುವ ಮೊದಲು ಪ್ರತಿಯೊಬ್ಬ ವಿದ್ಯಾರ್ಥಿ ಜಿಗಣಿಯ ಒಂದು ಸಣ್ಣ ಕಾರ್ಖಾನೆಯಲ್ಲೋ, ಆನೇಕಲ್ಲಿನ ಮಗ್ಗದ ಮನೆಯಲ್ಲೋ, ರಾಮನಗರದ ಗೂಡಿನ ಹರಾಜಿನಲ್ಲೋ ಒಂದು ವಾರ ಕುಳಿತು ಒಂದು ಪ್ರಶ್ನೆಯನ್ನು ಹೊರತೆಗೆಯಲಿ. ಯಾವ ದೇಶವೆಂಬುದನ್ನು ಆ ಪ್ರಶ್ನೆ ನಿರ್ಧರಿಸಲಿ, ಪ್ರವಾಸದ ಏಜೆಂಟರಲ್ಲ. ಹಿಂದಿರುಗಿದವರು ತಮ್ಮ ವರದಿಯನ್ನು ಕನ್ನಡದಲ್ಲಿಯೂ ಬರೆದು, ಯಾರ ಕಸುಬಿನ ಪ್ರಶ್ನೆಯೋ ಅವರೆದುರು ಓದಲಿ. ಹೋಗಲಾಗದವನು ಊರಿನಲ್ಲೇ ಮಾಡಿದ ಅಧ್ಯಯನಕ್ಕೂ ಅಷ್ಟೇ ಅಂಕಗಳಿರಲಿ, ಮತ್ತು ಅದನ್ನು ಸುತ್ತೋಲೆಯ ಮೊದಲನೆಯ ಸಾಲಿನಲ್ಲಿಯೇ, ತಂದೆತಾಯಿಗಳಿಗೆ ಅರ್ಥವಾಗುವ ಭಾಷೆಯಲ್ಲಿ ಮುದ್ರಿಸಲಿ.